ರಾಮಾನುಜನ್ ಮತ್ತು ಅಂಕಪಟ್ಟಿ

ಅಂಕಪಟ್ಟಿ ಕೈಗೆ ಬಂದ ದಿನ ನೀವು ಗಣಿತಜ್ಞ ಶ್ರೀನಿವಾಸ ರಾಮಾನುಜನ್ (1887–1920) ಅವರನ್ನು ನೆನೆಯಿರಿ. 1904ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಕುಂಭಕೋಣಂ ಕಾಲೇಜು ಸೇರಿದ ಅವರು ಗಣಿತದಲ್ಲೇ ಮುಳುಗಿ ಇಂಗ್ಲಿಷಿನಲ್ಲಿ ಅನುತ್ತೀರ್ಣರಾದರು, ವಿದ್ಯಾರ್ಥಿವೇತನ ನಿಂತಿತು. ಮುಂದೆ ಮದರಾಸಿನಲ್ಲಿ ಓದಿ ಬರೆದ ಎಫ್.ಎ. ಪರೀಕ್ಷೆಯಲ್ಲೂ ತೇರ್ಗಡೆಯಾಗಲಿಲ್ಲ. ಪರೀಕ್ಷಕರು ಅನ್ಯಾಯ ಮಾಡಿದರೇ? ಬರೆಯದ ಉತ್ತರಕ್ಕೆ ಅಂಕ ಕೊಡುವುದಾದರೂ ಹೇಗೆ? ಆದರೂ ಅವರ ಗಣಿತ ಯಾವ ಅಂಕಪಟ್ಟಿಯಲ್ಲೂ ಕಾಣಲಿಲ್ಲ. 1913ರಲ್ಲಿ ಅವರ ಪತ್ರ ಓದಿದ ಕೇಂಬ್ರಿಡ್ಜಿನ ಹಾರ್ಡಿ ಅವರನ್ನು ಗುರುತಿಸಿದರು. 1918ರಲ್ಲಿ ರಾಯಲ್ ಸೊಸೈಟಿಯ ಗೌರವ ದೊರೆಯಿತು. ಗಣಿತಜ್ಞರಿಗೆ ನೂರಕ್ಕೆ ಅಂಕ ಹಾಕುವಾಗ ಹಾರ್ಡಿ ತಮಗೆ 25, ರಾಮಾನುಜನ್‌ಗೆ 100 ಕೊಟ್ಟರೆಂದು ಗಣಿತಜ್ಞ ಎರ್ಡಿಶ್ ತಿಳಿಸಿದ್ದಾರೆ. ಉತ್ತರ ಪತ್ರಿಕೆ ತಿದ್ದುವ ನನ್ನ ಕೈ ಇದನ್ನು ನೆನೆದು ಒಮ್ಮೆ ತಡೆಯುತ್ತದೆ. ನೀವು ಮಾತ್ರ ಎಲ್ಲ ವಿಷಯಗಳನ್ನೂ ಓದಿ, ಸೋತರೆ ಧೈರ್ಯಗೆಡಬೇಡಿ.