ಆರ್ಮಾ ತ್ರೂಸೊ: ಕಂಚುಬಣ್ಣದ ಮಧುಮೇಹವನ್ನು ಕಂಡ ವೈದ್ಯ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ವೈದ್ಯನೊಬ್ಬನ ಜೀವನಚರಿತ್ರೆಗೇನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಆರ್ಮಾ ತ್ರೂಸೊ ವೈದ್ಯನಾಗುವುದಕ್ಕೆ ಮೊದಲು ನಮ್ಮವನೇ ಆಗಿದ್ದನು. ಫ್ರಾನ್ಸಿನ ಶಾತೊರೂ ಎಂಬ ಊರಿನಲ್ಲಿ ಹುಡುಗರಿಗೆ ಅಲಂಕಾರಶಾಸ್ತ್ರವನ್ನು ಬೋಧಿಸುತ್ತಿದ್ದ ಉಪಾಧ್ಯಾಯನವನು. ಮುಂದೆ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಅವನ ಉಪನ್ಯಾಸಗಳನ್ನು ಕೇಳಲು ವಿದ್ಯಾರ್ಥಿಗಳು ಕಿಕ್ಕಿರಿದು ನೆರೆಯುತ್ತಿದ್ದರೆಂದರೆ, ಅದಕ್ಕೆ ಈ ಹಳೆಯ ಅಭ್ಯಾಸವೂ ಒಂದು ಕಾರಣವಾಗಿದ್ದಿರಬೇಕೆಂದು ನನ್ನ ಊಹೆ.

ತ್ರೂಸೊ ಜನಿಸಿದುದು 1801ನೆಯ ಇಸವಿ ಅಕ್ಟೋಬರ್ 14ರಂದು, ತೂರ್ ನಗರದಲ್ಲಿ. ಕಾದಂಬರಿಕಾರ ಬಾಲ್ಜಾಕ್ ಎರಡು ವರ್ಷಗಳ ಹಿಂದೆ ಹುಟ್ಟಿದ ಊರೂ ಅದೇ. ಆ ಊರಿನ ಆಸ್ಪತ್ರೆಯಲ್ಲಿ ಬ್ರೆತೊನೊ ಎಂಬ ಮಹಾವೈದ್ಯನಿದ್ದನು. ಗಂಟಲಮಾರಿಗೆ ಡಿಫ್ತೀರಿಯ ಎಂಬ ಹೆಸರಿನ ಮೂಲರೂಪವನ್ನು ಕೊಟ್ಟವನು ಇವನೇ. ಉಪಾಧ್ಯಾಯನಾಗಿದ್ದ ತರುಣನನ್ನು ವೈದ್ಯವಿದ್ಯೆಯ ಕಡೆಗೆ ಸೆಳೆದವನೂ ಇವನೇ.

ಆಗಿನ ಕಾಲವನ್ನು ಸ್ವಲ್ಪ ನೆನೆಯಬೇಕು. ಪ್ಯಾರಿಸ್ಸಿನಲ್ಲಿ ಬ್ರೂಸೆ ಎಂಬ ಪಂಡಿತನ ಮಾತೇ ವೇದವಾಕ್ಯ. ರೋಗಗಳೆಲ್ಲವೂ ಬಹುಮಟ್ಟಿಗೆ ಜಠರ ಮತ್ತು ಕರುಳುಗಳ ಉರಿಯೂತದಿಂದ ಬರುವುವೆಂದು ಅವನ ಸಿದ್ಧಾಂತ. ಜಿಗಣೆ ಹಚ್ಚಿ ರಕ್ತ ತೆಗೆಯುವುದೇ ಚಿಕಿತ್ಸೆ. 1833ರ ಒಂದೇ ವರ್ಷದಲ್ಲಿ ಫ್ರಾನ್ಸ್ ಪರದೇಶಗಳಿಂದ ತರಿಸಿಕೊಂಡ ಜಿಗಣೆಗಳು 4 ಕೋಟಿಗೂ ಹೆಚ್ಚು! ಬ್ರೆತೊನೊ ಇದಕ್ಕೆ ವಿರೋಧಿ. ಒಂದೊಂದು ರೋಗಕ್ಕೂ ಅದರದೇ ಆದ ಬೀಜವುಂಟು, ಅದರದೇ ಆದ ಸ್ವಭಾವವುಂಟು, ಎಲ್ಲವನ್ನೂ ಒಂದೇ ಕೋಲಿನಿಂದ ಅಳೆಯಬಾರದು ಎಂಬುದು ಅವನ ಬೋಧೆ. ಶಿಷ್ಯನು ಜೀವಮಾನವೆಲ್ಲ ಈ ಮಾತನ್ನೇ ಹಿಡಿದು ನಡೆದನು.

1825ರಲ್ಲಿ ತ್ರೂಸೊ ವೈದ್ಯಪದವಿ ಪಡೆದನು. 1828ರಲ್ಲಿ ಸರ್ಕಾರವು ಅವನನ್ನು ಹಳದಿ ಜ್ವರದ ಪರಿಶೀಲನೆಗಾಗಿ ಜಿಬ್ರಾಲ್ಟರಿಗೆ ಕಳುಹಿಸಿತು. ಗಂಟಲಮಾರಿಯಿಂದ ಉಸಿರು ಕಟ್ಟಿ ಸಾಯುತ್ತಿದ್ದ ಮಕ್ಕಳ ಶ್ವಾಸನಾಳವನ್ನು ಸೀಳಿ ಕೊಳವೆಯಿಡುವ ಶಸ್ತ್ರಕ್ರಿಯೆಯನ್ನು ಗುರುವಿನಿಂದ ಕಲಿತು ಪ್ಯಾರಿಸ್ಸಿನಲ್ಲಿ ಬಳಕೆಗೆ ತಂದನು. ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಅದನ್ನು ಮಾಡಿದನು; ಉಳಿದವರು ಸುಮಾರು ಕಾಲುಭಾಗ. ಇಂದು ಇದು ಅಲ್ಪವೆನಿಸಬಹುದು. ಉಸಿರುಗಟ್ಟಿದ ಮಗುವಿಗೆ ಅಂದು ಬೇರೆ ದಾರಿಯೇ ಇರಲಿಲ್ಲ. 1839ರಲ್ಲಿ ವೈದ್ಯವಿದ್ಯಾಲಯದಲ್ಲಿ ಪೀಠ, 1848ರ ಕ್ರಾಂತಿಯ ತರುವಾಯ ಶಾಸನಸಭೆಯಲ್ಲಿ ಸ್ಥಾನ, ಕೊನೆಗೆ ಪ್ಯಾರಿಸ್ಸಿನ ಪುರಾತನ ಒತೆಲ್ ದ್ಯೂ ಆಸ್ಪತ್ರೆಯಲ್ಲಿ ಅಧ್ಯಾಪಕತ್ವ, ಇವೆಲ್ಲವೂ ಕ್ರಮವಾಗಿ ಬಂದವು.

ತ್ರೂಸೊವಿನ ಪಾಠ ನಡೆಯುತ್ತಿದ್ದುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಮೊದಲು ನೋಡು, ಆಮೇಲೆ ವಾದಿಸು ಎಂಬುದು ಅವನ ಪದ್ಧತಿ. ಅನ್ಯರ ಶೋಧಗಳನ್ನು ಮೆಚ್ಚುವುದರಲ್ಲಿಯೂ ಅವನು ಧಾರಾಳಿ. ಅಡ್ರಿನಲ್ ಗ್ರಂಥಿಗಳು ಕೆಟ್ಟು ಚರ್ಮವು ಕಪ್ಪಿಡುವ ರೋಗವನ್ನು ಇಂಗ್ಲೆಂಡಿನ ಅಡಿಸನ್ ವರ್ಣಿಸಿದಾಗ, ಅದಕ್ಕೆ ಆ ಪರದೇಶೀಯನ ಹೆಸರನ್ನೇ ಇಡಬೇಕೆಂದವನು ಇವನು. ಬಣ್ಣಗೆಟ್ಟ ಚರ್ಮವನ್ನು ಗಮನಿಸುವ ಕಣ್ಣು ಹೀಗೆ ಮೊದಲೇ ಪಳಗಿತ್ತು.

ಅಂಥ ಕಣ್ಣಿಗೆ ಮಧುಮೇಹದ ಒಬ್ಬ ರೋಗಿ ಬಿದ್ದನು. ಮೂತ್ರದಲ್ಲಿ ಸಕ್ಕರೆ, ಊದಿದ ಪಿತ್ತಜನಕಾಂಗ, ಇದರ ಜೊತೆಗೆ ಮುಖವೆಲ್ಲ ಕಂಚಿನ ಬಣ್ಣ! ರೋಗಿ ಸತ್ತಮೇಲೆ ದೇಹವನ್ನು ಪರೀಕ್ಷಿಸಿದಾಗ ಪಿತ್ತಜನಕಾಂಗವು ಗಟ್ಟಿಯಾಗಿ ಹರಳುಗಟ್ಟಿದಂತಿತ್ತು. ತ್ರೂಸೊ 1865ರಲ್ಲಿ ಹೊರಬಂದ ತನ್ನ ಉಪನ್ಯಾಸಗ್ರಂಥದ ಎರಡನೆಯ ಮುದ್ರಣದಲ್ಲಿ ಇದನ್ನೆಲ್ಲ ಬರೆದಿಟ್ಟನು. ಕಾರಣವೇನೆಂದು ಅವನಿಗೆ ತಿಳಿಯಲಿಲ್ಲ. ಆ ಬಣ್ಣದ ಹಿಂದೆ ಕಬ್ಬಿಣವಿದೆಯೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಇಲ್ಲೊಂದು ವಿಚಿತ್ರವುಂಟು. ಕಬ್ಬಿಣವು ಎಲ್ಲರಿಗೂ ಅಮೃತವಲ್ಲವೆಂದು ತ್ರೂಸೊ ಬೇರೊಂದು ಸಂದರ್ಭದಲ್ಲಿ ಕಂಡಿದ್ದನು. ಪಾಂಡುರೋಗದ ಯುವತಿಯರಿಗೆ ಕಬ್ಬಿಣದ ಔಷಧಿ ಕೊಡುವುದು ಅಂದಿನ ವಾಡಿಕೆ. ಅವರಲ್ಲಿ ಕ್ಷಯದ ಸುಳಿವಿದ್ದರೆ ಕಬ್ಬಿಣವು ಆ ರೋಗವನ್ನು ಕೆರಳಿಸುವುದೆಂದು ಅವನು ಶಿಷ್ಯರನ್ನು ಎಚ್ಚರಿಸುತ್ತಿದ್ದನು. ಎರಡು ಎಳೆಗಳೂ ಅವನ ಕೈಯಲ್ಲಿಯೇ ಇದ್ದವು. ಗಂಟು ಹಾಕುವಷ್ಟು ಆಯುಸ್ಸು ಇರಲಿಲ್ಲ.

ಅದೇ 1865ರ ಸುಮಾರಿಗೆ ಅವನು ಮತ್ತೊಂದು ಸಂಗತಿಯನ್ನು ಬೋಧಿಸಿದ್ದನು. ಕಾರಣ ಕಾಣದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಒಳಗೆಲ್ಲೋ ಅರ್ಬುದರೋಗ ಅಡಗಿರಬಹುದೆಂದು ಶಂಕಿಸಬೇಕು ಎಂಬುದದು. 1867ರ ಆರಂಭದಲ್ಲಿ ಆ ಚಿಹ್ನೆ ಅವನ ದೇಹದಲ್ಲಿಯೇ ಕಾಣಿಸಿಕೊಂಡಿತು. ತಾನಿನ್ನು ಉಳಿಯುವುದಿಲ್ಲವೆಂದು ಶಿಷ್ಯನಿಗೆ ತಿಳಿಸಿದನು. ಜೂನ್ ತಿಂಗಳಲ್ಲಿ ಜಠರದ ಅರ್ಬುದದಿಂದ ತೀರಿಕೊಂಡನು.

ಅದೇ 1867ರಲ್ಲಿ ಜರ್ಮನಿಯ ಪೆರ್ಲ್ಸ್ ಎಂಬಾತನು ಅಂಗಾಂಶಗಳಲ್ಲಿ ಅಡಗಿದ ಕಬ್ಬಿಣಕ್ಕೆ ನೀಲಿ ಬಣ್ಣ ಬರಿಸಿ ಕಣ್ಣಿಗೆ ಕಾಣಿಸುವ ವಿಧಾನವನ್ನು ಪ್ರಕಟಿಸಿದನು. 1889ರಲ್ಲಿ ರೆಕ್ಲಿಂಗ್‌ಹೌಸನ್ ಈ ಸ್ಥಿತಿಗೆ ಹೀಮೊಕ್ರೊಮಟೋಸಿಸ್ ಎಂದು ಹೆಸರಿಟ್ಟನು. ಆಹಾರದಿಂದ ಅತಿಯಾಗಿ ಕಬ್ಬಿಣ ಹೀರುವ ಗುಣವು ವಂಶಪಾರಂಪರ್ಯವಾಗಿ ಬರುವುದೆಂದು 1935ರಲ್ಲಿ ಇಂಗ್ಲೆಂಡಿನ ಶೆಲ್ಡನ್ ಸಾಧಿಸಿದನು. ಅದಕ್ಕೆ ಮುಖ್ಯ ಕಾರಣವಾದ ಜೀನ್ 1996ರಲ್ಲಿ ದೊರೆಯಿತು. ಸಾಮಾನ್ಯ ದೇಹದಲ್ಲಿ 3-4 ಗ್ರಾಂ ಕಬ್ಬಿಣವಿದ್ದರೆ ಇಂಥವರಲ್ಲಿ 20 ಗ್ರಾಂವರೆಗೂ, ಕೆಲವೊಮ್ಮೆ ಅದಕ್ಕೂ ಮೀರಿ ಶೇಖರವಾಗುತ್ತದೆ. ಅದು ಮೇದೋಜೀರಕಾಂಗದಲ್ಲಿ ತುಂಬಿ ಇನ್ಸುಲಿನ್ ಒಸರುವ ಜೀವಕೋಶಗಳನ್ನು ಕೆಡಿಸುತ್ತದೆ. ಸಕ್ಕರೆ ಕಾಯಿಲೆ ಬರುವುದು ಹೀಗೆ.

ಚಿಕಿತ್ಸೆ ಯಾವುದು? ರಕ್ತ ತೆಗೆಯುವುದು! ಬ್ರೂಸೆಯ ಜಿಗಣೆಗಳನ್ನು ಧಿಕ್ಕರಿಸಿದ ಗುರುವಿನ ಶಿಷ್ಯನು ವರ್ಣಿಸಿದ ರೋಗಕ್ಕೆ, 1950ರ ಸುಮಾರಿಗೆ ಅಮೆರಿಕದ ವೈದ್ಯರು ಕಂಡುಕೊಂಡ ಮದ್ದು ಇದು. ಅರ್ಧ ಲೀಟರ್ ರಕ್ತದೊಡನೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ವಾರಕ್ಕೊಮ್ಮೆ ತೆಗೆದರೂ ದಾಸ್ತಾನು ತೀರಲು ಎರಡು ವರ್ಷಗಳೇ ಹಿಡಿಯಬಹುದು. ಚರ್ಮ ತಿಳಿಯಾಗುತ್ತದೆ, ಪಿತ್ತಜನಕಾಂಗ ಚೇತರಿಸುತ್ತದೆ, ಕೆಲವರಿಗೆ ಇನ್ಸುಲಿನ್ ಅವಶ್ಯಕತೆ ತಗ್ಗುತ್ತದೆ. ಬೇರೂರಿದ ಮಧುಮೇಹ ಮಾತ್ರ ಸಾಮಾನ್ಯವಾಗಿ ಹೋಗುವುದಿಲ್ಲ.

ಕಣ್ಣಿನ ವಿಷಯವನ್ನೂ ಹೇಳಬೇಕು. ಕಂಚುಬಣ್ಣದ ಮಧುಮೇಹಿಗಳಿಗೆ ಅಕ್ಷಿಪಟದ ಕಾಯಿಲೆ ಬರುವುದಿಲ್ಲವೆಂದು ಹಿಂದೆ ನಂಬಿಕೆಯಿತ್ತು. ನಿಜಸ್ಥಿತಿಯೇನೆಂದರೆ, ಅದು ಬರುವ ಮೊದಲೇ ಅವರು ಸಾಯುತ್ತಿದ್ದರು. ಇನ್ಸುಲಿನ್ನಿನಿಂದಲೂ ರಕ್ತ ತೆಗೆಯುವುದರಿಂದಲೂ ಆಯುಸ್ಸು ಬೆಳೆದಮೇಲೆ ಇತರ ಮಧುಮೇಹಿಗಳಂತೆ ಅವರ ಕಣ್ಣುಗಳೂ ಕೆಡುವುದು ಗೋಚರವಾಯಿತು. ಇದರಿಂದ ಕಬ್ಬಿಣ ತಗ್ಗಿಸಿದರೆ ಎಲ್ಲ ಮಧುಮೇಹಿಗಳ ದೃಷ್ಟಿಯೂ ಉಳಿಯುವುದೆಂದು ಭಾವಿಸಲಾಗದು. ಕಬ್ಬಿಣ ಹೆಚ್ಚಿದ್ದ ಕೆಲವರ ಸಕ್ಕರೆ ಸಣ್ಣ ಪ್ರಯೋಗಗಳಲ್ಲಿ ಸುಧಾರಿಸಿದುದುಂಟು. ಅದಿನ್ನೂ ಸರ್ವರಿಗೂ ಒಪ್ಪಿತವಾದ ಚಿಕಿತ್ಸೆಯಲ್ಲ. ಕಬ್ಬಿಣವನ್ನು ಸೆಳೆದು ಹೊರಹಾಕುವ ಡೆಸ್ಫೆರಿಯಾಕ್ಸಮಿನ್ ಎಂಬ ಔಷಧಿಯೇ ಅಕ್ಷಿಪಟಕ್ಕೆ ಹಾನಿ ಮಾಡಬಲ್ಲುದು. ರಕ್ತಹೀನತೆಯಿದ್ದವರಲ್ಲಿ ಅಕ್ಷಿಪಟದ ಕಾಯಿಲೆ ಉಲ್ಬಣಿಸುವುದೂ ಕಂಡುಬಂದಿದೆ. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮ ನಾಡಿನಲ್ಲಿ, ಯಾರದೋ ಮಾತು ಕೇಳಿ ಪರೀಕ್ಷೆಯಿಲ್ಲದೆ ಕಬ್ಬಿಣ ಕಳೆದುಕೊಳ್ಳುವುದು ಇರುವ ಕಣ್ಣಿಗೂ ಕುತ್ತು.

ದಾಸ್ತಾನು ತೀರಿದ ಬಳಿಕವೂ ಈ ರೋಗಿಗಳು ವರ್ಷದಲ್ಲಿ ಹಲವು ಬಾರಿ, ಜೀವಮಾನವಿಡೀ, ರಕ್ತ ತೆಗೆಸಿಕೊಳ್ಳುತ್ತಲೇ ಇರಬೇಕು. ಬೇರೆ ದೋಷವಿಲ್ಲದವರ ಆ ರಕ್ತವನ್ನು ಕೆಲವು ದೇಶಗಳ ರಕ್ತನಿಧಿಗಳು ದಾನವಾಗಿ ಸ್ವೀಕರಿಸುತ್ತವೆ.