‘ಅರ್ಥಶಾಸ್ತ್ರ’ ಕಸದ ರಾಶಿಯಲ್ಲಿ ಸಿಕ್ಕಿತ್ತೇ? ಹಳೆಯ ಕಡತಗಳ ನಡುವೆ ಶಾಮಶಾಸ್ತ್ರಿಗಳು

ವಾಟ್ಸ್ಯಾಪ್‌ನಲ್ಲಿ ಒಂದು ಸಂದೇಶ ವರ್ಷಕ್ಕೆ ಎರಡು ಸಲವಾದರೂ ನಮಗೆ ಬರುತ್ತದೆ. ಮೈಸೂರಿನ ಲೈಬ್ರರಿಯಲ್ಲಿ ಒಬ್ಬ ಗುಮಾಸ್ತ ಕಸ ಗುಡಿಸುತ್ತಿದ್ದನಂತೆ, ಎಸೆಯಲು ಇಟ್ಟಿದ್ದ ತಾಳೆಗರಿಗಳ ರಾಶಿಯಲ್ಲಿ ಚಾಣಕ್ಯನ ಅರ್ಥಶಾಸ್ತ್ರ ಸಿಕ್ಕಿತಂತೆ, ಜಗತ್ತಿನಲ್ಲೇ ಅದೊಂದೇ ಪ್ರತಿಯಂತೆ. ಕೆಳಗೆ ಕೈಮುಗಿದ ಎಮೋಜಿ, ‘ಹೆಮ್ಮೆಯ ಕನ್ನಡಿಗರು ಶೇರ್ ಮಾಡಿ’ ಎಂಬ ಸಾಲು.

ಶೇರ್ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ನಿಜವಾಗಿ ನಡೆದದ್ದು ಈ ಕಥೆಗಿಂತ ಸ್ವಾರಸ್ಯವಾಗಿದೆ. ನಮ್ಮ ಆಫೀಸುಗಳ ಕಂಪ್ಯೂಟರುಗಳಲ್ಲಿ ತುಂಬಿಕೊಂಡಿರುವ ಹಳೆಯ ಫೈಲುಗಳನ್ನು ಏನು ಮಾಡಬೇಕು ಎಂಬ ಇವತ್ತಿನ ತಲೆನೋವಿಗೂ ಅದಕ್ಕೂ ನೇರ ಸಂಬಂಧವಿದೆ.

ಮೊದಲಿಗೆ, ಅವರು ಗುಮಾಸ್ತರಲ್ಲ. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಹುಟ್ಟಿದ್ದು 1868ರಲ್ಲಿ, ಈಗಿನ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದ ಊರಿನಲ್ಲಿ. ಸಂಗೀತಗಾರರ ಊರೆಂದು ಹೆಸರಾದ ರುದ್ರಪಟ್ಟಣ ಅದೇ. ಮೈಸೂರಿನಲ್ಲಿ ಸಂಸ್ಕೃತ ವಿದ್ವತ್ ಮುಗಿಸಿದರು, ಜೊತೆಗೆ ಮದ್ರಾಸ್ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಪಡೆದರು. ಆ ಕಾಲಕ್ಕೆ ಇವೆರಡೂ ಒಬ್ಬರಲ್ಲೇ ಸೇರುವುದು ಅಪರೂಪ. ಸಂಸ್ಕೃತ ಪಂಡಿತರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಇಂಗ್ಲಿಷ್ ಕಲಿತವರು ತಾಳೆಗರಿ ಮುಟ್ಟುತ್ತಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಈ ಯುವಕನನ್ನು ಗುರುತಿಸಿದರು. ಮುಂದೆ ಶಾಸ್ತ್ರಿಗಳು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾದರು.

ಆ ಲೈಬ್ರರಿ 1891ರಲ್ಲಿ ಚಾಮರಾಜ ಒಡೆಯರ್ ಕಾಲದಲ್ಲಿ ಶುರುವಾದದ್ದು. ಊರೂರುಗಳ ಮನೆಗಳಲ್ಲಿ, ಮಠಗಳಲ್ಲಿ ಇದ್ದ ಓಲೆಗರಿಯ ಕಟ್ಟುಗಳು ಅಲ್ಲಿಗೆ ಬಂದು ಸೇರುತ್ತಿದ್ದವು. ಒಂದು ಸಂಸ್ಥೆಯ ಸರ್ವರ್‌ಗೆ ಹತ್ತಾರು ಇಲಾಖೆಗಳ ಫೈಲುಗಳು ಬಂದು ಬೀಳುತ್ತವಲ್ಲ, ಹಾಗೆ. ಕಟ್ಟಿನ ಹೊರಗೆ ಹೆಸರಿರುವುದು ಕೆಲವಕ್ಕೆ ಮಾತ್ರ. ಒಂದೇ ಕಟ್ಟಿನೊಳಗೆ ಎರಡು ಮೂರು ಬೇರೆ ಬೇರೆ ಗ್ರಂಥಗಳು ಇರುವುದುಂಟು. ಮೊದಲ ಗರಿ, ಕೊನೆಯ ಗರಿ ಮುರಿದು ಹೋಗಿದ್ದರೆ ಒಳಗೇನಿದೆ ಎಂದು ತಿಳಿಯಲು ಓದಲೇಬೇಕು, ಬೇರೆ ದಾರಿಯಿಲ್ಲ. ಲಿಪಿಯೂ ಒಂದೇ ಅಲ್ಲ: ಕನ್ನಡ, ತೆಲುಗು, ನಾಗರಿ, ನಂದಿನಾಗರಿ, ಗ್ರಂಥ.

ತಾಳೆಗರಿಯ ವಿಜ್ಞಾನವನ್ನೂ ಇಲ್ಲಿ ಸ್ವಲ್ಪ ಹೇಳಬೇಕು. ಒಣಗಿಸಿ ಹದ ಮಾಡಿದ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮೇಲೆ ಕಾಡಿಗೆ ಸವರಿ ಒರೆಸುತ್ತಾರೆ. ಕೊರೆದ ಗೆರೆಯಲ್ಲಿ ಕಪ್ಪು ನಿಲ್ಲುತ್ತದೆ. ಆದರೆ ದಕ್ಷಿಣ ಭಾರತದ ಸೆಕೆಗೆ, ತೇವಕ್ಕೆ, ಹುಳುವಿಗೆ ಗರಿ ಹೆಚ್ಚು ಶತಮಾನ ತಾಳುವುದಿಲ್ಲ. ನಿಂಬೆಹುಲ್ಲಿನ ಎಣ್ಣೆ ಹಚ್ಚಿದರೆ ಗರಿ ಮೆತ್ತಗಿರುತ್ತದೆ, ಹುಳು ದೂರವಿರುತ್ತದೆ, ಅಷ್ಟೇ. ಹಾಗಾಗಿ ಒಂದು ಪಠ್ಯ ಉಳಿಯಬೇಕಾದರೆ ಯಾರಾದರೂ ಅದನ್ನು ಹೊಸ ಗರಿಗೆ ನಕಲು ಮಾಡುತ್ತಲೇ ಇರಬೇಕು. ನಕಲಾಗದ ಹಳೆಯ ಗರಿಗಳನ್ನು ನದಿಗೆ ಬಿಡುವ ರೂಢಿಯೂ ಇತ್ತು. ಅಂದರೆ ಪ್ರತಿ ತಲೆಮಾರೂ ತನ್ನ ಹಳೆಯ ಕಡತಗಳನ್ನು ತೆಗೆದು, ಇದು ಇರಲಿ, ಇದು ಹೋಗಲಿ ಎಂದು ತೀರ್ಮಾನಿಸಲೇಬೇಕಿತ್ತು. ಹಾರ್ಡ್‌ಡಿಸ್ಕಿನ ಕಥೆಯೂ ಬೇರೆಯಲ್ಲ. ಅದು ಕೆಲವೇ ವರ್ಷ ಬಾಳುವ ವಸ್ತು, ಹೊಸದಕ್ಕೆ ದಾಟಿಸದಿದ್ದರೆ ಒಳಗಿನದು ಹೋಗುತ್ತದೆ. ಫ್ಲಾಪಿಯಲ್ಲಿ ಉಳಿದುಹೋದ ಲೆಕ್ಕಪತ್ರ ನಿಮ್ಮ ಆಫೀಸಿನಲ್ಲೂ ಇದ್ದೀತು.

ಈಗ ಆ ದಿನದ ವಿಷಯ. ಗರಿ ಲೈಬ್ರರಿಗೆ ಬಂದದ್ದು ಕಸದಿಂದಲ್ಲ. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಆ ಹಸ್ತಪ್ರತಿಯನ್ನು ತಂದುಕೊಟ್ಟರೆಂದು ಶಾಸ್ತ್ರಿಗಳೇ ತಮ್ಮ ಮುನ್ನುಡಿಯಲ್ಲಿ ತಿಳಿಸಿದ್ದಾರೆ. ಜೊತೆಗೆ ಅದರ ಒಂದು ಭಾಗಕ್ಕೆ ಭಟ್ಟಸ್ವಾಮಿ ಬರೆದ ವ್ಯಾಖ್ಯಾನವೂ ಇತ್ತು. ಲಿಪಿ ಗ್ರಂಥ, ಭಾಷೆ ಸಂಸ್ಕೃತ. ಪಂಡಿತರ ಹೆಸರನ್ನು ಮುನ್ನುಡಿ ಹೇಳುವುದಿಲ್ಲ. ಇಷ್ಟು ದೊಡ್ಡ ಕೊಡುಗೆ ಕೊಟ್ಟವರ ಹೆಸರೇ ದಾಖಲಾಗದೆ ಹೋದದ್ದು ನಮಗೆ ಇಡೀ ಕಥೆಯಲ್ಲಿ ಬೇಸರ ತರಿಸುವ ಒಂದೇ ಸಂಗತಿ. ಫೈಲನ್ನು ಉಳಿಸಿ, ಅದು ಎಲ್ಲಿಂದ ಬಂತು ಎಂಬುದನ್ನು ಬಿಟ್ಟುಬಿಡುವುದು ಇಂದಿಗೂ ಎಲ್ಲ ಕಚೇರಿಗಳಲ್ಲಿ ನಡೆಯುವ ತಪ್ಪು.

ಹಾಗಾದರೆ ಶಾಸ್ತ್ರಿಗಳು ಮಾಡಿದ್ದೇನು? ಅವರು ಅದನ್ನು ಗುರುತಿಸಿದರು. ಕೇಳಲು ಸಣ್ಣ ಮಾತು. ಆದರೆ ಅರ್ಥಶಾಸ್ತ್ರದ ಪೂರ್ತಿ ಪಠ್ಯವನ್ನು ಅಂದಿನ ವಿದ್ವತ್‌ಲೋಕ ಕಂಡಿರಲಿಲ್ಲ. ದಂಡಿಯ ದಶಕುಮಾರಚರಿತದಲ್ಲಿ, ಬಾಣನ ಕಾದಂಬರಿಯಲ್ಲಿ, ಕಾಮಂದಕನ ನೀತಿಸಾರದಲ್ಲಿ ಅದರ ಪ್ರಸ್ತಾಪ ಬರುತ್ತಿತ್ತು, ಅಷ್ಟೇ. ಈ ಎಲ್ಲ ಪುಸ್ತಕಗಳ ಪರಿಚಯವಿದ್ದವರಿಗೆ ಮಾತ್ರ, ಕೈಯಲ್ಲಿರುವ ಗರಿ ಅವು ಹೇಳುತ್ತಿದ್ದ ಅದೇ ಗ್ರಂಥ ಎಂದು ಹೊಳೆಯಲು ಸಾಧ್ಯ. ಓದಲು ಬಾರದವರ ಕೈಗೆ ಅದು ಇನ್ನೊಂದು ಹಳೆಯ ಕಟ್ಟು.

ಇದು 1905ರ ಮಾತು. ಅದೇ ವರ್ಷದಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಭಾಗಗಳ ಅನುವಾದ ಬರತೊಡಗಿತು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು. 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ, ಫ್ಲೀಟ್ ಅವರ ಮುಂಬರಹದೊಂದಿಗೆ. ಹತ್ತು ವರ್ಷ ಒಂದೇ ಗ್ರಂಥದ ಹಿಂದೆ. ಇಷ್ಟು ಬೇಗ ಎನ್ನಬೇಕು. 15 ಅಧಿಕರಣ, 150 ಅಧ್ಯಾಯ, ನಡುನಡುವೆ ಎಲ್ಲೂ ಬಳಕೆಯಲ್ಲಿಲ್ಲದ ಪಾರಿಭಾಷಿಕ ಪದಗಳು. ಅನುವಾದದಲ್ಲಿ ತಪ್ಪುಗಳಿದ್ದವು, ಮುಂದಿನ ವಿದ್ವಾಂಸರು ತಿದ್ದಿದರು. ತಿದ್ದಲು ಒಂದು ಪುಸ್ತಕ ಅವರ ಕೈಯಲ್ಲಿತ್ತು ಎಂಬುದೇ ಮುಖ್ಯ.

ಇನ್ನು ‘ಜಗತ್ತಿನ ಒಂದೇ ಪ್ರತಿ’ ಎಂಬ ಮಾತು. ಇದು ತಪ್ಪು. ನಮ್ಮ ಪ್ರಕಾರ ಈ ತಪ್ಪಿನ ಹಿಂದಿರುವ ನಿಜವೇ ಕಥೆಯ ತಿರುಳು. ಮೈಸೂರಿನ ಪುಸ್ತಕ ಹೊರಬಂದ ಮೇಲೆ ಬೇರೆ ಬೇರೆ ಸಂಗ್ರಹಗಳಿಂದಲೂ ಪ್ರತಿಗಳು ಬೆಳಕಿಗೆ ಬಂದವು. ತಿರುವನಂತಪುರದ ಗಣಪತಿ ಶಾಸ್ತ್ರಿಗಳು ಮಲಯಾಳ ಲಿಪಿಯ ಗರಿಗಳನ್ನು ಆಧರಿಸಿ 1924ರಿಂದ ಇನ್ನೊಂದು ಆವೃತ್ತಿ ತಂದರು. ಜರ್ಮನಿಯ ಮ್ಯೂನಿಕ್‌ನಲ್ಲೂ ಒಂದು ಪ್ರತಿ ಇತ್ತು. ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ, ಇವೆಲ್ಲಕ್ಕಿಂತ ಹಳೆಯ ಗರಿಗಳ ಒಂದು ತುಣುಕು ಇತ್ತು. ಇವನ್ನೆಲ್ಲ ಹೋಲಿಸಿ 1960ರ ದಶಕದಲ್ಲಿ ಆರ್. ಪಿ. ಕಾಂಗ್ಲೆ ಮುಂಬಯಿಯಲ್ಲಿ ಪರಿಷ್ಕೃತ ಆವೃತ್ತಿ ಸಿದ್ಧಪಡಿಸಿದರು. ಹೀಗೆ ಗ್ರಂಥ ಹಲವು ಉಗ್ರಾಣಗಳಲ್ಲಿ ಇತ್ತು. ಏನನ್ನು ಹುಡುಕಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಂದು ಕಡೆ ಹೆಸರಿಟ್ಟು ಗುರುತಿಸಿದ ಮೇಲೆ ಉಳಿದ ಕಡೆಗಳಲ್ಲೂ ಕಣ್ಣಿಗೆ ಬಿತ್ತು.

ಈಗ ಇದನ್ನು ನಮ್ಮ ಕಾಲದ ಸರ್ವರ್ ಕೋಣೆಗೆ ತನ್ನಿ. ಸಂಸ್ಥೆಗಳು ಸ್ಟೋರೇಜ್ ತುಂಬಿದಾಗ ಒಂದು ಸಾಫ್ಟ್‌ವೇರ್ ಓಡಿಸುತ್ತವೆ. ಐದು ವರ್ಷದಿಂದ ಯಾರೂ ತೆರೆಯದ ಫೈಲುಗಳ ಪಟ್ಟಿ ಬರುತ್ತದೆ. ಎಲ್ಲ ಆರಿಸಿ ಡಿಲೀಟ್ ಒತ್ತಿದರೆ ಕೆಲಸ ಮುಗಿಯಿತು ಎಂದು ಅನೇಕರ ನಂಬಿಕೆ. ಈ ಅಳತೆಯಲ್ಲಿ ನೋಡಿದರೆ ಅರ್ಥಶಾಸ್ತ್ರ ಪಟ್ಟಿಯ ಮೊದಲ ಸಾಲಿನಲ್ಲೇ ಇರುತ್ತಿತ್ತು.

ಆ ದಿನಾಂಕಗಳನ್ನೂ ಪೂರ್ತಿ ನಂಬುವ ಹಾಗಿಲ್ಲ. ಫೈಲನ್ನು ಬೇರೆ ಡಿಸ್ಕಿಗೆ ನಕಲು ಮಾಡಿದಾಗ ‘ರಚಿಸಿದ ದಿನ’ ಹೊಸದಾಗಿಬಿಡಬಹುದು. ಬ್ಯಾಕಪ್ ಅಥವಾ ವೈರಸ್ ಸ್ಕ್ಯಾನ್ ಓಡಿದಾಗ ‘ಕೊನೆಗೆ ತೆರೆದ ದಿನ’ ಬದಲಾಗಬಹುದು. ಕೆಲವು ಕಂಪ್ಯೂಟರುಗಳು ವೇಗಕ್ಕಾಗಿ ಆ ದಿನಾಂಕವನ್ನು ಬರೆದಿಡುವುದನ್ನೇ ನಿಲ್ಲಿಸಿರುತ್ತವೆ. ತಾಳೆಗರಿಯಲ್ಲೂ ಹೀಗೆಯೇ: ಗರಿ ಕೆಲವು ನೂರು ವರ್ಷ ಹಳೆಯದು, ಒಳಗಿನ ಪಠ್ಯ ಸುಮಾರು ಎರಡು ಸಾವಿರ ವರ್ಷ ಹಳೆಯದು. ಗರಿಯ ವಯಸ್ಸು ನೋಡಿ ಪಠ್ಯದ ಬೆಲೆ ಕಟ್ಟಲಾಗದು.

ಹಾಗೆಂದು ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಕೆಲಸ ಬಿಟ್ಟುಹೋದವರ ಆಧಾರ್ ಪ್ರತಿ, ಹಳೆಯ ಗ್ರಾಹಕರ ಫೋನ್ ನಂಬರು ಇಂಥವನ್ನು ಉದ್ದೇಶ ಮುಗಿದ ಮೇಲೂ ಇಟ್ಟುಕೊಂಡರೆ ಅಪಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಅವುಗಳನ್ನು ಅಳಿಸಬೇಕೆನ್ನುತ್ತದೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳಿದ್ದರೆ ಮಾತ್ರ ವಿನಾಯಿತಿ. ಅಳಿಸಲಿಕ್ಕೂ ಒಳಗೇನಿದೆ ಎಂದು ತಿಳಿದವರು ಬೇಕು. ಪಟ್ಟಿ ತೆಗೆಯುವುದು ಯಂತ್ರದ ಕೆಲಸ. ಆ ಪಟ್ಟಿಯನ್ನು ಸಂಬಂಧಪಟ್ಟ ವಿಭಾಗದಲ್ಲಿ ಹಳಬರೊಬ್ಬರ ಮುಂದಿಟ್ಟು, ಇದು ಯಾವುದು ಸ್ವಾಮಿ ಎಂದು ಕೇಳುವುದು ಮನುಷ್ಯರ ಕೆಲಸ. ಅನುಮಾನವಿದ್ದರೆ ಕೆಲವು ತಿಂಗಳು ಬೇರೆ ಕಡೆ ತೆಗೆದಿಟ್ಟು ನಂತರ ಅಳಿಸಬಹುದು.

ತಮಾಷೆಯೆಂದರೆ, ಶಾಸ್ತ್ರಿಗಳು ಉಳಿಸಿದ ಆ ಗ್ರಂಥದಲ್ಲೇ ಕಡತಗಳ ಬಗ್ಗೆ ಒಂದು ಇಡೀ ಅಧ್ಯಾಯವಿದೆ. ಎರಡನೆಯ ಅಧಿಕರಣದ ‘ಅಕ್ಷಪಟಲ’, ಅಂದರೆ ಲೆಕ್ಕಪತ್ರದ ಕಚೇರಿ. ಕಟ್ಟಡ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಬೇಕು, ದಫ್ತರಗಳನ್ನು ಇಡಲು ಗೊತ್ತಾದ ಜಾಗವಿರಬೇಕು, ಅಧಿಕಾರಿಗಳು ಆಷಾಢದಲ್ಲಿ ವರ್ಷದ ಲೆಕ್ಕ ತಂದು ಒಪ್ಪಿಸಬೇಕು. ಕ್ರಮ ತಪ್ಪಿ ಬರೆದರೆ, ಓದಲಾಗದಂತೆ ಬರೆದರೆ, ಒಂದನ್ನೇ ಎರಡು ಸಲ ಬರೆದರೆ 12 ಪಣ ದಂಡ. ಉಳಿಕೆಯ ಮೊತ್ತವನ್ನು ಕೆರೆದು ಅಳಿಸಿದರೆ ಅದರ ಇಮ್ಮಡಿ. ವಾಟ್ಸ್ಯಾಪ್‌ನಲ್ಲಿ ‘ಚಾಣಕ್ಯ ಹೇಳಿದ’ ಎಂದು ಬರುವ ಹೆಂಡತಿ, ಗೆಳೆಯ, ಹಾವುಗಳ ನುಡಿಮುತ್ತುಗಳನ್ನು ಓದಿದವರಿಗೆ ಇದು ನಿರಾಸೆ ತರಬಹುದು. ಅರ್ಥಶಾಸ್ತ್ರದ ಬಹುಪಾಲು ಹೀಗೆಯೇ ಇದೆ: ಸುಂಕ, ತೂಕ, ಗಣಿ, ಗೋದಾಮು, ಕಳ್ಳಲೆಕ್ಕ. ಸರ್ಕಾರಿ ಹಣ ನುಂಗುವ ದಾರಿಗಳೇ 40 ಎಂದು ಪಟ್ಟಿ ಕೊಡುತ್ತದೆ.

ಶಾಸ್ತ್ರಿಗಳ ಮುಂದಿನ ಬದುಕನ್ನು ಬೇಗ ಹೇಳಿಬಿಡೋಣ. ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಿನ್ಸಿಪಾಲರಾದರು, ಮತ್ತೆ ಅದೇ ಲೈಬ್ರರಿಗೆ ಕ್ಯುರೇಟರ್ ಆಗಿ ಮರಳಿದರು, ಆಮೇಲೆ ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿ 1929ರಲ್ಲಿ ನಿವೃತ್ತರಾದರು. ವೇದಕಾಲದ ಪಂಚಾಂಗ, ಗ್ರಹಣಗಳ ಲೆಕ್ಕದ ಮೇಲೂ ಬರೆದರು. ಕಲ್ಕತ್ತಾ ವಿಶ್ವವಿದ್ಯಾಲಯದ ಡಾಕ್ಟರೇಟ್, ಮಹಾಮಹೋಪಾಧ್ಯಾಯ ಬಿರುದು ಬಂದವು. ಜರ್ಮನಿಗೆ ಹೋದ ಮಹಾರಾಜರನ್ನು ಅಲ್ಲಿಯವರು ಶಾಮಶಾಸ್ತ್ರಿಗಳ ಊರಿನವರೇ ಎಂದು ಕೇಳಿದರು ಎಂಬ ಕಥೆ ಮೈಸೂರಿನಲ್ಲಿ ಈಗಲೂ ಓಡಾಡುತ್ತದೆ. ಅದನ್ನು ಕಥೆಯಾಗಿಯೇ ಇಟ್ಟುಕೊಳ್ಳೋಣ. ಜರ್ಮನಿಯಲ್ಲಿ ಯಾಕೋಬಿ, ಯೋಲಿ ಮುಂತಾದವರು ಈ ಪುಸ್ತಕವನ್ನು ಹಿಡಿದು ಚರ್ಚೆ ಮಾಡಿದ್ದು, 1926ರಲ್ಲಿ ಮೇಯರ್ ಜರ್ಮನ್ ಅನುವಾದ ತಂದದ್ದು ಮಾತ್ರ ದಾಖಲಾಗಿರುವ ಸಂಗತಿ.

ಶಾಸ್ತ್ರಿಗಳು ತೀರಿಕೊಂಡದ್ದು 1944ರಲ್ಲಿ. ಅವರ ಲೈಬ್ರರಿಗೆ ಈಗ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿದೆ, ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದೆ. ಆ ಗರಿಗಳು ಅಲ್ಲೇ ಇವೆ, ಹೆಸರಿನ ಚೀಟಿಯೊಂದಿಗೆ.