ಜಾನ್ ಬನ್ಯನ್: ಸೆರೆಮನೆಯೊಳಗಿನ ಯಾತ್ರಿಕ

ಕ್ರೈಸ್ತ ವಿಶ್ವಾಸಜೀವನವನ್ನು ಪ್ರಯಾಣವಾಗಿ ಕಾಣುವ ದೃಷ್ಟಿ ಬೈಬಲಿನಷ್ಟೇ ಹಳೆಯದು. ಅಬ್ರಹಾಮನು ಹುಟ್ಟಿದ ನಾಡನ್ನು ತೊರೆದು ಹೊರಟುದರಲ್ಲಿ, ಇಸ್ರಾಯೇಲ್ಯರು ಅರಣ್ಯದಲ್ಲಿ ಕಳೆದ ನಲವತ್ತು ವರ್ಷಗಳಲ್ಲಿ ಅದರ ಮೂಲವಿದೆ. ಆದರೆ ಈ ರೂಪಕಕ್ಕೆ ಸಾಮಾನ್ಯ ಓದುಗನೂ ಕಾಲಿಟ್ಟು ನಡೆಯಬಲ್ಲ ಒಂದು ದಾರಿಯನ್ನು ಕಡೆದುಕೊಟ್ಟವನು ೧೭ನೆಯ ಶತಮಾನದ ಇಂಗ್ಲೆಂಡಿನ ಜಾನ್ ಬನ್ಯನ್. ಆ ದಾರಿಯನ್ನು ಕಲ್ಪಿಸಿದವನು ತನ್ನ ಬಾಳಿನ ಹನ್ನೆರಡು ವರ್ಷಗಳನ್ನು ಸೆರೆಮನೆಯಲ್ಲಿ ಕಳೆದನೆಂಬುದು ಸರ್ವವಿದಿತ. ಆ ಸೆರೆವಾಸದ ಬೆಲೆಯನ್ನು ಅವನೊಬ್ಬನೇ ತೆರಲಿಲ್ಲವೆಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಬನ್ಯನ್ ಬೆಡ್‌ಫರ್ಡ್ ಪಟ್ಟಣದ ಸಮೀಪದ ಎಲ್‌ಸ್ಟೋ ಗ್ರಾಮದವನು. ೧೬೨೮ರ ನವೆಂಬರ್ ೩೦ರಂದು ಅವನಿಗೆ ದೀಕ್ಷಾಸ್ನಾನವಾಯಿತು. ತಂದೆಯದು ಪಾತ್ರೆಗಳನ್ನು ದುರಸ್ತಿ ಮಾಡುವ ಕಸುಬು. ಮಗನೂ ಅದನ್ನೇ ಕಲಿತ. ೧೬೪೪ರಲ್ಲಿ, ಅವನಿಗೆ ಹದಿನಾರು ತುಂಬುವ ಮುನ್ನ, ತಾಯಿಯೂ ಅದರ ಬೆನ್ನಲ್ಲೇ ತಂಗಿಯೂ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಂದೆ ಮರುಮದುವೆಯಾದ. ಅದೇ ವರ್ಷದ ಕೊನೆಯಲ್ಲಿ ಬನ್ಯನ್ ಪಾರ್ಲಿಮೆಂಟಿನ ಸೇನೆಯನ್ನು ಸೇರಿದ. ತನ್ನ ಬದಲಿಗೆ ಮುತ್ತಿಗೆಗೆ ಹೋದ ಸಂಗಾತಿಯೊಬ್ಬ ಗುಂಡಿಗೆ ಬಲಿಯಾದುದನ್ನು ಅವನು ಕೊನೆಯವರೆಗೂ ಮರೆಯಲಿಲ್ಲ.

ಸೇನೆಯಿಂದ ಮರಳಿ ಮದುವೆಯಾದಾಗ ಹೆಂಡತಿ ತವರಿನಿಂದ ತಂದ ಆಸ್ತಿಯೆಂದರೆ ಎರಡು ಭಕ್ತಿಗ್ರಂಥಗಳು ಮಾತ್ರ. ಆಕೆಯ ಹೆಸರು ಕೂಡ ಚರಿತ್ರೆಯಲ್ಲಿ ಉಳಿದಿಲ್ಲ. ೧೬೫೦ರಲ್ಲಿ ದೀಕ್ಷಾಸ್ನಾನ ಪಡೆದ ಹಿರಿಯ ಮಗಳು ಮೇರಿ ಕುರುಡಿ. ಈ ವರ್ಷಗಳಲ್ಲೇ ಬನ್ಯನ್ನನ ಒಳತಳಮಳ ಆರಂಭವಾಯಿತು. ಅವನು ಚರ್ಚಿನ ಗಂಟೆ ಬಾರಿಸುವುದನ್ನು ಬಿಟ್ಟ, ಕುಣಿತವನ್ನು ಬಿಟ್ಟ. ಆದರೂ ನೆಮ್ಮದಿ ಸಿಗಲಿಲ್ಲ. ಕೆಲಸಕ್ಕೆಂದು ಬೆಡ್‌ಫರ್ಡಿಗೆ ಹೋಗಿದ್ದಾಗ ಬಾಗಿಲ ಬಳಿ ಬಿಸಿಲಿಗೆ ಕುಳಿತು ದೇವರ ವಿಷಯವನ್ನು ಸಲಿಗೆಯಿಂದ ಮಾತಾಡಿಕೊಳ್ಳುತ್ತಿದ್ದ ಮೂರು ನಾಲ್ಕು ಮಂದಿ ಬಡ ಹೆಂಗಸರು ಅವನಿಗೆ ಮೊದಲ ಸುಳಿವು ಕೊಟ್ಟರು. ಅವರು ಜಾನ್ ಗಿಫರ್ಡ್ ಎಂಬ ಸಭಾಪಾಲಕನ ಸಭೆಗೆ ಸೇರಿದವರು. ಅನಂತರವೂ ಬನ್ಯನ್ನನ ಹಾದಿ ನೇರವಾಗಲಿಲ್ಲ. ಕ್ಷಮೆಯಿಲ್ಲದ ಪಾಪ ತನ್ನಿಂದ ನಡೆದುಹೋಗಿದೆಯೆಂಬ ಭಯದಲ್ಲಿ ಅವನು ದೀರ್ಘಕಾಲ ನರಳಿದ. ಒಂದು ದಿನ ದೊರೆತ ಭರವಸೆ ಮರುದಿನ ಕರಗಿಹೋಗುತ್ತಿತ್ತು. ೧೬೬೬ರಲ್ಲಿ ಪ್ರಕಟವಾದ ಅವನ ಆತ್ಮಕಥನ ಈ ಏರಿಳಿತದ ದಾಖಲೆ. ಅದನ್ನು ಓದಿದವರಿಗೆ, ಮುಂದಿನ ಕೃತಿಯ ಯಾತ್ರಿಕನ ಬೆನ್ನಿನ ಹೊರೆ ಶಿಲುಬೆಯ ಬಳಿ ಕಳಚಿಬಿದ್ದ ಎಷ್ಟೋ ಕಾಲದ ನಂತರವೂ ಅವನು ದಾರಿ ತಪ್ಪಿ ಸಂದೇಹದ ಕೋಟೆಯಲ್ಲಿ ಸೆರೆಯಾಗುವುದೇಕೆಂಬುದು ತಾನಾಗಿ ತಿಳಿಯುತ್ತದೆ.

ಮೊದಲ ಹೆಂಡತಿ ನಾಲ್ವರು ಮಕ್ಕಳನ್ನು ಬಿಟ್ಟು ತೀರಿಕೊಂಡಳು. ೧೬೫೯ರಲ್ಲಿ ಬನ್ಯನ್ ಎಲಿಜಬೆತಳನ್ನು ವರಿಸಿದ. ಮರುವರ್ಷ ಅರಸೊತ್ತಿಗೆ ಮರುಸ್ಥಾಪನೆಯಾಯಿತು. ಅಧಿಕೃತ ಚರ್ಚಿನ ಹೊರಗೆ ಸಭೆ ಸೇರುವವರ ಮೇಲೆ ಹಳೆಯ ಕಾನೂನುಗಳು ಮತ್ತೆ ಎಚ್ಚರಗೊಂಡವು. ೧೬೬೦ರ ನವೆಂಬರಿನಲ್ಲಿ ಹೊಲದ ನಡುವಿನ ಮನೆಯೊಂದರಲ್ಲಿ ಉಪದೇಶಕ್ಕೆ ನಿಂತಿದ್ದಾಗ ಅವನ ಬಂಧನವಾಯಿತು. ಬಂಧನದ ವಾರ್ತೆ ಮುಂಚಿತವಾಗಿಯೇ ಸಿಕ್ಕಿತ್ತು. ತಪ್ಪಿಸಿಕೊಳ್ಳಲು ಸಮಯವೂ ಇತ್ತು. ತಾನು ಓಡಿಹೋದರೆ ಹೊಸ ವಿಶ್ವಾಸಿಗಳ ಧೈರ್ಯ ಕುಂದುವುದೆಂದು ಅವನು ನಿಂತ. ಬಸಿರಿಯಾಗಿದ್ದ ಎಲಿಜಬೆತಳಿಗೆ ಆ ಆಘಾತದಿಂದ ಅಕಾಲ ಹೆರಿಗೆಯಾಗಿ ಕೂಸು ಬದುಕಲಿಲ್ಲ.

ಇನ್ನು ಮುಂದೆ ಸಾರ್ವಜನಿಕವಾಗಿ ಉಪದೇಶಿಸುವುದಿಲ್ಲವೆಂದು ಮಾತುಕೊಟ್ಟರೆ ಬಿಡುಗಡೆ ಸಿಗುತ್ತಿತ್ತು. ಸೆರೆಯ ಬೀಗದ ಕೈ ಒಂದರ್ಥದಲ್ಲಿ ಬನ್ಯನ್ನನ ನಾಲಗೆಯ ಮೇಲೆಯೇ ಇತ್ತು. ೧೬೬೧ರ ಆಗಸ್ಟಿನಲ್ಲಿ ಎಲಿಜಬೆತ್ ಬೆಡ್‌ಫರ್ಡಿಗೆ ಬಂದ ನ್ಯಾಯಾಧೀಶರ ಮುಂದೆ ನಿಂತು, ತಾನು ಹೆರದ ನಾಲ್ಕು ಮಕ್ಕಳನ್ನು ಮುಂದಿಟ್ಟುಕೊಂಡು ಗಂಡನ ಪರವಾಗಿ ವಾದಿಸಿದಳು. ಮ್ಯಾಥ್ಯೂ ಹೇಲ್ ಕನಿಕರ ತೋರಿದನೇ ಹೊರತು ಬಿಡುಗಡೆ ಮಾಡಲಿಲ್ಲ. ಗಮನಿಸಬೇಕಾದುದೆಂದರೆ, ಗಂಡ ಉಪದೇಶವನ್ನು ನಿಲ್ಲಿಸುತ್ತಾನೆಯೇ ಎಂಬ ಪ್ರಶ್ನೆಗೆ ಆಕೆಯೂ ಹೌದೆನ್ನಲಿಲ್ಲ. ಬನ್ಯನ್ ಸೆರೆಯಲ್ಲಿ ಕುಳಿತು ಉದ್ದನೆಯ ಲೇಸುಗಳ ತುದಿಗೆ ಲೋಹ ಕೂರಿಸುವ ಕೆಲಸ ಮಾಡಿ ಸಂಸಾರಕ್ಕೆ ಕಾಸು ಕಳುಹಿಸುತ್ತಿದ್ದ. ಕುರುಡು ಮಗಳ ನೆನಪು ಅವನನ್ನು ಉಳಿದೆಲ್ಲಕ್ಕಿಂತ ಹೆಚ್ಚಾಗಿ ಹಿಂಡುತ್ತಿತ್ತು. ತನ್ನ ಮನೆಯನ್ನು ತಾನೇ ಹೆಂಡತಿ ಮಕ್ಕಳ ತಲೆಯ ಮೇಲೆ ಕೆಡವುತ್ತಿರುವ ಭಾವ ಅವನದು.

೧೬೭೨ರಲ್ಲಿ ಬಿಡುಗಡೆಯಾದ ಬನ್ಯನ್ ಬೆಡ್‌ಫರ್ಡ್ ಸಭೆಯ ಪಾಲಕನಾದ. ಮುಂದೆ ಇನ್ನೂ ಕೆಲವು ತಿಂಗಳು ಸೆರೆಯಲ್ಲಿದ್ದ. ಯಾತ್ರಿಕನ ಕಥೆಯ ಮೊದಲ ಭಾಗ ೧೬೭೮ರಲ್ಲಿ ಅಚ್ಚಾಯಿತು. ಅದರ ಆರಂಭದಲ್ಲೇ ನಾಯಕನು ಹೆಂಡತಿ ಮಕ್ಕಳ ಕೂಗು ಕೇಳದಂತೆ ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ಈ ನಿಷ್ಠುರ ಸನ್ನಿವೇಶವನ್ನು ದೈವಶಾಸ್ತ್ರದಿಂದಷ್ಟೇ ವಿವರಿಸುವುದು ಸಾಲದು; ಎಲಿಜಬೆತ್ ಮತ್ತು ಮೇರಿಯರ ಬದುಕಿನೊಡನೆ ಇಟ್ಟು ಓದಿದಾಗ ಅದು ಲೇಖಕನ ಗಾಯವಾಗಿ ಕಾಣುತ್ತದೆ. ೧೬೮೪ರ ಎರಡನೆಯ ಭಾಗದಲ್ಲಿ ಹೆಂಡತಿಯೇ ಮಕ್ಕಳನ್ನು ಕಟ್ಟಿಕೊಂಡು ಅದೇ ದಾರಿ ಹಿಡಿಯುತ್ತಾಳೆ. ಇಲ್ಲಿನ ನಡಿಗೆ ನಿಧಾನ: ಜೊತೆಗೆ ಕಾವಲಿನವನಿದ್ದಾನೆ, ದಣಿದವರಿಗಾಗಿ ನಿಲ್ಲುತ್ತಾರೆ, ಕುಂಟರೂ ಅಂಜುಬುರುಕರೂ ಸೇರಿಕೊಳ್ಳುತ್ತಾರೆ. ಕಲೆಯ ಬಿಗಿಯಲ್ಲಿ ಈ ಭಾಗ ಮೊದಲಿನದಕ್ಕೆ ಸಾಟಿಯಲ್ಲ. ಆದರೆ ಒಬ್ಬಂಟಿಯ ಓಟವನ್ನು ಕೂಡುಪಯಣವಾಗಿ ತಿದ್ದಿಕೊಂಡ ಮನಸ್ಸನ್ನು ಅಲ್ಲಿಯೇ ಕಾಣಬೇಕು.

ಈ ಕೃತಿ ೧೯ನೆಯ ಶತಮಾನದ ಮಧ್ಯಭಾಗದ ವೇಳೆಗೆ ಬಾಸೆಲ್ ಮಿಷನ್ನಿನ ವೀಗಲ್‌ನ ಅನುವಾದದಲ್ಲಿ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂದಿತು. ಮೂಲದ ಶೀರ್ಷಿಕೆಯಲ್ಲಿನ ‘ಪ್ರೋಗ್ರೆಸ್’ ಪದಕ್ಕೆ ಬನ್ಯನ್ನನ ಕಾಲದಲ್ಲಿ ಪಯಣ, ಅರಸರ ನಾಡಸಂಚಾರ ಎಂಬ ಅರ್ಥಗಳು ಬಳಕೆಯಲ್ಲಿದ್ದವು. ‘ಪ್ರಗತಿ’ಯೆಂಬ ಪದ ಹುಟ್ಟಿಸಬಹುದಾಗಿದ್ದ ಮೇಲ್ಮುಖ ಚಲನೆಯ ಭ್ರಮೆಯನ್ನು ‘ಸಂಚಾರ’ ತಪ್ಪಿಸಿದೆ. ಆದರೆ ‘ಯಾತ್ರಿಕ’ನಿಗೆ ಕನ್ನಡದಲ್ಲಿ ಮರಳಿ ಬರುವ ಮನೆಯೊಂದಿರುತ್ತದೆ, ಬನ್ಯನ್ನನವನಿಗೆ ಅದಿಲ್ಲ.

೧೬೮೮ರ ಬೇಸಗೆಯಲ್ಲಿ ತಂದೆ ಮಗನ ಜಗಳವೊಂದನ್ನು ಬಗೆಹರಿಸಲು ರೆಡಿಂಗಿಗೆ ಹೋದ ಬನ್ಯನ್, ಅಲ್ಲಿಂದ ಲಂಡನ್ನಿಗೆ ಕುದುರೆಯ ಮೇಲೆ ಬರುವಾಗ ಮಳೆಯಲ್ಲಿ ನೆನೆದು ಜ್ವರ ಹಿಡಿದು, ಆಗಸ್ಟ್ ೩೧ರಂದು ಸ್ನೇಹಿತನೊಬ್ಬನ ಮನೆಯಲ್ಲಿ ತೀರಿಕೊಂಡ. ಸಮಾಧಿ ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿದೆ. ಅದಕ್ಕೆ ಮೂರು ವರ್ಷ ಮೊದಲು, ಮತ್ತೆ ಸೆರೆ ಬಂದೀತೆಂಬ ಅಂಜಿಕೆಯ ದಿನಗಳಲ್ಲಿ, ತನ್ನದೆಲ್ಲವನ್ನೂ ಎಲಿಜಬೆತಳ ಹೆಸರಿಗೆ ದಾನಪತ್ರ ಬರೆದಿಟ್ಟಿದ್ದ. ೧೮೩೮ರಲ್ಲಿ ಬೆಡ್‌ಫರ್ಡಿನ ಆ ಮನೆಯನ್ನು ಕೆಡವಿದಾಗ ಆ ಪತ್ರ ಸಿಕ್ಕಿತು. ಅದರಲ್ಲಿ ಅವನು ತನ್ನ ವೃತ್ತಿಯನ್ನು ಕಂಚುಗಾರನೆಂದು ನಮೂದಿಸಿದ್ದಾನೆ.